ಮೈಬಣ್ಣ ಬೂದಿ, ಮುಖ ಪ್ಲಾಸ್ಟಿಕ್: ಡಿಜಿಟಲ್ ಪೋರ್ಟ್ರೇಟ್‌ನಲ್ಲಿ ಎಡವಟ್ಟಾಗೋದು ಬಣ್ಣದಲ್ಲೋ, ಕಾಂಟ್ರಾಸ್ಟ್‌ನಲ್ಲೋ, ಶಾರ್ಪ್‌ನೆಸ್‌ನಲ್ಲೋ?

ಗೆರೆಗಾರ್ತಿ

ಎಲ್ಲರಿಗೂ ನಮಸ್ಕಾರ. ಕ್ರಿತಾ ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರ್‌ನಲ್ಲಿ ನಮ್ಮ ದೊಡ್ಡಮ್ಮನ ಪೋರ್ಟ್ರೇಟ್ ಮಾಡ್ತಿದ್ದೀನಿ. ಚಿತ್ರ, ಮೂಲ ಫೋಟೊ ಎರಡನ್ನೂ ಲಗತ್ತಿಸಿದ್ದೀನಿ. ಎಡಗಡೆ ಕಿಟಕಿ ಬೆಳಕು, ಎಣ್ಣೆಗಪ್ಪು ಮೈಬಣ್ಣ, ಕೆಂಪು ರೇಷ್ಮೆ ಸೀರೆ, ಬೆಂಡೋಲೆ, ಮೂಗುಬೊಟ್ಟು.

ಹೋಲಿಕೆ ಚೆನ್ನಾಗೇ ಬಂದಿದೆ, ಮನೆಯಲ್ಲಿ ಯಾರಿಗೆ ತೋರಿಸಿದರೂ ಗುರುತು ಹಿಡೀತಾರೆ. ಆದರೆ ಬಟ್ಟೆ ಅಂಗಡಿ ಬೊಂಬೆಗೆ ದೊಡ್ಡಮ್ಮನ ಸೀರೆ ಉಡಿಸಿದ ಹಾಗಿದೆ. ನೆರಳಿನ ಕೆನ್ನೆ ಬೂದಿ ಬಣ್ಣಕ್ಕೆ ತಿರುಗಿದೆ, ಬೆಳಕಿನ ಕೆನ್ನೆ ಪ್ಲಾಸ್ಟಿಕ್.

ಮಾಡಿದ ಕ್ರಮ ಇದು: ಮೊದಲು ಪೂರ್ತಿ ಕಪ್ಪುಬಿಳುಪಿನಲ್ಲಿ ಬರೆದೆ. ಮೇಲೆ ಒಂದು ಲೇಯರ್ (ಪದರ) ಹಾಕಿ, ಬ್ಲೆಂಡಿಂಗ್ ಮೋಡ್, ಅಂದರೆ ಅದು ಕೆಳಗಿನದರ ಜೊತೆ ಬೆರೆಯೋ ರೀತಿ, 'ಕಲರ್'ಗೆ ಇಟ್ಟು ಮೈಬಣ್ಣ ತುಂಬಿದೆ. ಆಮೇಲೆ ಚರ್ಮದ ರಂಧ್ರಕ್ಕೆ ಅಂತ ಸಿಗೋ ಬ್ರಷ್ ಮುಖದ ತುಂಬ ಓಡಿಸಿದೆ, ಕೂದಲು ಒಂದೊಂದಾಗಿ ಎಳೆದೆ. ಕೊನೆಗೆ ಅಂಚು ಚೂಪು ಮಾಡೋ ಶಾರ್ಪನ್ ಫಿಲ್ಟರ್. ಯಾವುದರಿಂದ ರಿಪೇರಿ ಶುರು ಮಾಡಲಿ?

ಪಿಕ್ಸೆಲ್ ಪುಟ್ಟ

ಸಿಂಪಲ್ ಅಕ್ಕ. ಶಾರ್ಪ್‌ನೆಸ್ ಸಾಲದು. ಅನ್‌ಶಾರ್ಪ್ ಮಾಸ್ಕ್ ಅನ್ನೋ ಶಾರ್ಪನ್ ಫಿಲ್ಟರಿನ ಅಮೌಂಟ್ 200 ಇಡಿ, ಮೇಲೆ ಅಂಚುಗಳನ್ನಷ್ಟೇ ಉಳಿಸೋ ಹೈಪಾಸ್ ಲೇಯರ್ ಓವರ್‌ಲೇನಲ್ಲಿ ಹಾಕಿ. ಹೈಪರ್‌ರಿಯಲಿಸಂ (ಫೋಟೊ ಥರವೇ ಕಾಣೋ ಚಿತ್ರಕಲೆ) ಮಾಡೋರೆಲ್ಲ ಹೀಗೇ ಮಾಡೋದು. ಫೋನಲ್ಲಿ ನೋಡಿದರೆ ಕಣ್ಣು ಎದ್ದು ಬರುತ್ತೆ.

ಹಳೇ ಸ್ಟುಡಿಯೋ

ಪುಟ್ಟಪ್ಪಾ, ಇರೋ ಶಾರ್ಪನ್ನೇ ಜಾಸ್ತಿಯಾಗಿದೆ. ದವಡೆ ಗೆರೆ ಹತ್ತಿರ ಝೂಮ್ ಮಾಡಿ ನೋಡು, ಹೊರಗಡೆ ಒಂದು ಬಿಳಿ ಅಂಚು, ಒಳಗಡೆ ಒಂದು ಕಪ್ಪು ಅಂಚು ನಿಂತಿದೆ.

ಅನ್‌ಶಾರ್ಪ್ ಮಾಸ್ಕ್ ಅನ್ನೋದು ಕಂಪ್ಯೂಟರ್ ಕಂಡುಹಿಡಿದಿದ್ದಲ್ಲ, ಡಾರ್ಕ್‌ರೂಮಿನದು. ನೆಗೆಟಿವ್‌ನಿಂದ ಬೇಕಂತಲೇ ಮಸುಕಾದ ತೆಳು ಪಾಸಿಟಿವ್ ಒಂದನ್ನು ಮಾಡಿ, ಎರಡನ್ನೂ ಒಂದರ ಮೇಲೊಂದು ಕೂರಿಸಿ ಪ್ರಿಂಟ್ ಹಾಕೋರು. ಮಸುಕು ಪ್ರತಿಯಲ್ಲಿ ದೊಡ್ಡ ದೊಡ್ಡ ಬೆಳಕು ನೆರಳಷ್ಟೇ ಇರುತ್ತೆ. ಅದು ನೆಗೆಟಿವ್‌ನ ದೊಡ್ಡ ಕಾಂಟ್ರಾಸ್ಟ್ ತಗ್ಗಿಸುತ್ತೆ, ಅಂಚು ಮಾತ್ರ ಹಾಗೇ ಉಳಿದು ಎದ್ದು ಕಾಣುತ್ತೆ. ಅಂದರೆ ಶಾರ್ಪನ್ ಮಾಡಿದರೆ ಹೊಸ ವಿವರ ಏನೂ ಬರೋದಿಲ್ಲ, ಅಂಚಿನ ಅಕ್ಕಪಕ್ಕದ ಕಾಂಟ್ರಾಸ್ಟ್ ಏರುತ್ತೆ, ಅಷ್ಟೇ. ನಮ್ಮ ಕಣ್ಣೇ ಈ ಕೆಲಸವನ್ನು ತನ್ನಷ್ಟಕ್ಕೆ ಮಾಡ್ತಿರುತ್ತೆ. ವಿಜ್ಞಾನಿ ಅರ್ನ್‌ಸ್ಟ್ ಮಾಖ್ 1865ರಲ್ಲೇ ಇದನ್ನು ಬರೆದಿಟ್ಟಿದ್ದಾನೆ, ಮಾಖ್ ಪಟ್ಟಿ ಅಂತಾರೆ. ಕಣ್ಣು ಒಮ್ಮೆ ಮಾಡಿದ್ದನ್ನು ಫಿಲ್ಟರ್ ಇನ್ನೊಮ್ಮೆ ಮಾಡಿದಾಗ ಮೂಗು ಕೆನ್ನೆ ಎಲ್ಲ ಕತ್ತರಿಸಿ ಅಂಟಿಸಿದಂತೆ ಕಾಣುತ್ತೆ.

ತಂಗೀ, ಬಣ್ಣ ಶಾರ್ಪ್‌ನೆಸ್ ಎರಡನ್ನೂ ಪಕ್ಕಕ್ಕಿಡು. ಮೊದಲು ವ್ಯಾಲ್ಯೂ ನೋಡು, ಅಂದರೆ ಎಲ್ಲಿ ಎಷ್ಟು ತಿಳಿ, ಎಷ್ಟು ಕಪ್ಪು ಅನ್ನೋದನ್ನ. ಮುಕ್ಕಾಲು ಕಣ್ಣು ಮುಚ್ಚಿ ಚಿತ್ರ ನೋಡಿದರೆ ಮೊದಲು ಏನು ಕಾಣುತ್ತೆ? ನನಗೆ ಕಂಡಿದ್ದು ಎರಡು ಬಿಳಿ ಚುಕ್ಕೆ: ಕಣ್ಣಿನ ಬಿಳಿಭಾಗ. ಮೂಲ ಫೋಟೊದಲ್ಲಿ ಅದೇ ಜಾಗದ ಬಣ್ಣ ಪಿಕ್ ಮಾಡಿ ನೋಡು. ನೆರಳಿನ ಕಡೆಯ ಕಣ್ಣಿನ ಬಿಳಿಭಾಗ ಬೆಳಕಿನ ಕಡೆಯ ಕೆನ್ನೆಗಿಂತ ಕಪ್ಪಗಿರುತ್ತೆ. ಮೇಲಿನ ರೆಪ್ಪೆಯ ನೆರಳು ಬೇರೆ ಅದರ ಮೇಲೆ ಬಿದ್ದಿರುತ್ತೆ. ಮನಸ್ಸು 'ಕಣ್ಣು ಅಂದರೆ ಬಿಳಿ' ಅನ್ನುತ್ತೆ, ಕೈ ಹಾಗೇ ಬಳಿಯುತ್ತೆ. ಎಂಐಟಿಯ ಎಡ್ವರ್ಡ್ ಆಡೆಲ್ಸನ್ 1995ರಲ್ಲಿ ಮಾಡಿದ ಚದುರಂಗದ ಮನೆಗಳ ಚಿತ್ರ ನೋಡಿರ್ತೀರಿ. ನೆರಳಿನಲ್ಲಿರೋ ಬಿಳಿ ಮನೆ, ಬೆಳಕಿನಲ್ಲಿರೋ ಕಪ್ಪು ಮನೆ, ಎರಡೂ ಒಂದೇ ಗ್ರೇ. ಅಳೆದು ತೋರಿಸಿದರೂ ಕಣ್ಣು ಒಪ್ಪಲ್ಲ. ಹಲ್ಲು, ನರೆಗೂದಲು, ವಿಭೂತಿ ಎಲ್ಲದರಲ್ಲೂ ಇದೇ ಆಗೋದು.

ಗೆರೆಗಾರ್ತಿ

ಈಗ ಪಿಕ್ ಮಾಡಿ ನೋಡಿದೆ ಸರ್. ಫೋಟೊದಲ್ಲಿ ಕಣ್ಣಿನ ಬಿಳಿಭಾಗ ಕಂದುಗ್ರೇ! ಕೆನ್ನೆಗಿಂತ ಎಷ್ಟೋ ಕಪ್ಪು.

ಆದರೆ ನಾನು ಶುರು ಮಾಡಿದ್ದೇ ಕಪ್ಪುಬಿಳುಪಿನಲ್ಲಿ. ಆಗ ಚೆನ್ನಾಗೇ ಇತ್ತು. ಬಣ್ಣ ಹಾಕಿದ ಮೇಲೇ ಬೂದಿ ಆಗಿದ್ದು. ಅದ್ಯಾಕೆ?

ಕೆಲಗೇರಿ ಕೆರಿ ದಂಡಿ

ಅಕ್ಕಾರ, ಅದಕ್ಕ ಎರಡು ಕಾರಣ ಅದಾವ ನೋಡ್ರಿ.

ಒಂದನೇದು, ಕಪ್ಪುಬಿಳುಪಿನ ಮ್ಯಾಲೆ ಒಂದ ಬಣ್ಣ ಪೂರ್ತಿ ಬಳದ್ರಿ. ಬೆಳಕಿನ್ಯಾಗೂ ಅದ ಕಂದು, ನೆರಳಿನ್ಯಾಗೂ ಅದ ಕಂದು. ಖರೇ ಚರ್ಮ ಹಂಗ ಇರಂಗಿಲ್ಲ. ಬೆಳಕ ಬಿದ್ದಲ್ಲಿ ಒಂದ ಬಣ್ಣ, ಬೆಳಕ ನೆರಳ ಕೂಡೋ ಗಡಿ ಮ್ಯಾಲೆ ಕೆಂಪ ಜಾಸ್ತಿ, ನೆರಳಿನ ಒಳಗ ಸೀರಿ ಬಣ್ಣ, ಗ್ವಾಡಿ ಬಣ್ಣ ಬಂದ ಕುಂತಿರತಾವ.

ಎರಡನೇದು, ನಿಮ್ಮ ಹಿನ್ನೆಲಿ. ನೀವು ಹಿಂದಿನ ಗ್ವಾಡಿ ಕಿತ್ತಳಿ ಬಣ್ಣದ್ದ ಮಾಡೀರಿ. ಅದರ ಮುಂದ ಸುಮಾರಾದ ಕಂದು ಬಣ್ಣ ಇಟ್ಟರ ಅದು ನೀಲಿಬೂದಿ ಕಾಣೋದ. ಫ್ರಾನ್ಸಿನ ಗೋಬ್ಲಾಂ ನೇಯ್ಗಿ ಕಾರ್ಖಾನ್ಯಾಗ ಬಣ್ಣದ ಉಸ್ತುವಾರಿ ಶೆವ್ರಲ್ ಅಂತ ಇದ್ದ. ಅಲ್ಲಿ ಕರೀ ದಾರದ ಬಣ್ಣ ಚಲೋ ಇಲ್ಲ ಅಂತ ತಕರಾರ ಬಂತ್ರಿ. ಇಂವಾ ತಪಾಸ ಮಾಡಿ ನೋಡಿದ್ರ ಬಣ್ಣದ ತಪ್ಪ ಅಲ್ಲ, ಬಾಜೂಕ ಇದ್ದ ನೀಲಿ ನೇರಳಿ ದಾರದ ಕರಾಮತ್ತು! ಅದರ ಮ್ಯಾಲೆ 1839ರಾಗ ದೊಡ್ಡ ಪುಸ್ತಕಾನ ಬರದ. ನಿಮ್ಮ ಹಿನ್ನೆಲಿ ಲೇಯರ್ ಬಂದ ಮಾಡಿ ನೋಡ್ರಿ, ಅರ್ಧಾ ಬೂದಿ ಅಲ್ಲೇ ಹೋಗತೈತಿ.

ಹಳೇ ಸ್ಟುಡಿಯೋ

ಕೆಲಗೇರಿಯವರು ಹೇಳಿದ ಮೊದಲನೇ ಕಾರಣಕ್ಕೆ ನಮ್ಮ ಕಾಲದ ಒಂದು ಮದ್ದಿದೆ.

ಕಲರ್ ಫಿಲಂ ದುಬಾರಿಯಾಗಿದ್ದಾಗ ಸ್ಟುಡಿಯೋಗಳಲ್ಲಿ ಕಪ್ಪುಬಿಳುಪು ಪ್ರಿಂಟ್ ಮೇಲೆ ಕೈಯಲ್ಲಿ ಬಣ್ಣ ಹಚ್ಚೋರು. ಆ ಬಣ್ಣ ಪಾರದರ್ಶಕ, ಕೆಳಗಿನ ನೆರಳು ಹಾಗೇ ಕಾಣುತ್ತೆ. ನಿನ್ನ ಕಲರ್ ಲೇಯರ್ ಮಾಡೋದೂ ಇದನ್ನೇ. ನೇರವಾಗಿ ಕಪ್ಪುಬಿಳುಪಿನ ಮೇಲೆ ಹಚ್ಚಿದರೆ ನೆರಳಿನ ಜಾಗದಲ್ಲಿ ಬೆಳ್ಳಿಯ ತಣ್ಣನೆ ಗ್ರೇ ಇಣುಕಿ ಮುಖ ಹೆಣದ ಬಣ್ಣಕ್ಕೆ ಹೋಗೋದು. ಅದಕ್ಕೇ ಪ್ರಿಂಟನ್ನು ಮೊದಲು ಸೆಪಿಯಾ ಟೋನ್ ಮಾಡಿ, ಗ್ರೇ ಎಲ್ಲ ಕಂದಾದ ಮೇಲೆ ಬಣ್ಣ ಹಚ್ಚೋರು. ಮೈಬಣ್ಣ ಅರ್ಧ ಅಲ್ಲೇ ಸಿದ್ಧವಾಗಿರೋದು.

ನೀನೂ ಅದನ್ನೇ ಮಾಡು. ಕಪ್ಪುಬಿಳುಪು ಲೇಯರ್ ಮೇಲೆ ಗ್ರೇಡಿಯೆಂಟ್ ಮ್ಯಾಪ್ ಹಾಕು, ಅದು ಗ್ರೇಯ ಒಂದೊಂದು ಮಟ್ಟಕ್ಕೂ ನಾವು ಹೇಳಿದ ಬಣ್ಣ ಕೊಡುತ್ತೆ. ಕಡುನೆರಳಿಗೆ ಕೆಂಪುಮಿಶ್ರಿತ ಕಡುಕಂದು, ನಡುವಿಗೆ ತುಂಬು ಕಂದುಗೆಂಪು, ಬೆಳಕಿಗೆ ತುಸು ಬಣ್ಣ ಕಳೆದ ಗೋಧಿಬಣ್ಣ. ಬಣ್ಣದ ಗಾಢತೆ ನಡುಛಾಯೆಯಲ್ಲೇ ಹೆಚ್ಚಿರಬೇಕು. ಆಮೇಲೆ ಅದರ ಮೇಲೆ ನಾರ್ಮಲ್ ಮೋಡ್‌ನಲ್ಲೇ ಬಣ್ಣ ಬರಿ. ಕಲರ್ ಮೋಡನ್ನು ನಂಬಿ ಕೂರಬೇಡ.

ಮತ್ತೆ ನೆರಳಿಗೆ ಅಂತ ಬರ್ನ್ ಟೂಲ್ ಮುಟ್ಟಬೇಡ, ದಮ್ಮಯ್ಯ. ಅದು ಬಣ್ಣವನ್ನು ಕಪ್ಪಿನ ಕಡೆ ತಳ್ಳುತ್ತೆ ಅಷ್ಟೇ. ನೆರಳು ಗಾಢ ಮಾಡಬೇಕಾದರೆ ಮಲ್ಟಿಪ್ಲೈ ಲೇಯರ್‌ನಲ್ಲಿ ಮೈಬಣ್ಣದ್ದೇ ಒಂದು ಕೆಂಗಂದು ಹಾಕು, ಗ್ರೇ ಹಾಕಬೇಡ.

ರೆಂಡರ್ ರಂಗ

ಬೆಂಗಳೂರಿನಲ್ಲಿ ವಿಎಫ್‌ಎಕ್ಸ್ ಲೈಟಿಂಗ್ ಮಾಡ್ತೀನಿ, ಡಿಜಿಟಲ್ ಮನುಷ್ಯರ ಚರ್ಮವೇ ನಮ್ಮ ನಿತ್ಯದ ತಲೆನೋವು. ಸರ್ ಹೇಳಿದ್ದು ಸರಿ. ಅದರ ಹಿಂದಿನ ಭೌತಶಾಸ್ತ್ರ ಸ್ವಲ್ಪ ಗೊತ್ತಿದ್ದರೆ ಬಣ್ಣ ಹಾಕೋವಾಗ ಊಹೆ ಮಾಡೋದು ತಪ್ಪುತ್ತೆ, ಅದಕ್ಕೆ ಉದ್ದ ಬರೀತಿದ್ದೀನಿ.

ಚರ್ಮದಿಂದ ನಮ್ಮ ಕಣ್ಣಿಗೆ ಎರಡು ಬೇರೆ ಬೇರೆ ಬೆಳಕು ಬರುತ್ತೆ. ಒಂದು, ಮೇಲ್ಮೈಗೆ ತಾಗಿ ಹಾಗೇ ಪುಟಿಯೋದು. ಚರ್ಮಕ್ಕೆ ನೇರವಾಗಿ ಬಿದ್ದ ಬೆಳಕಿನಲ್ಲಿ ಇದು ಸುಮಾರು 3% ಮಾತ್ರ. ಓರೆಯಾಗಿ ಬಿದ್ದರೆ ಜಾಸ್ತಿ. ಇದಕ್ಕೆ ಚರ್ಮದ ಬಣ್ಣ ಅಂಟಲ್ಲ, ಬೆಳಕಿನ ಬಣ್ಣವೇ ಇರುತ್ತೆ. ಕಿಟಕಿಯಾಚೆ ಆಕಾಶ ಇದ್ದರೆ ಹೊಳಪು ನೀಲಿಬಿಳಿ, ಟಂಗ್‌ಸ್ಟನ್ ಬಲ್ಬಾದರೆ ಹಳದಿ. ಇನ್ನೊಂದು, ಚರ್ಮದ ಒಳಗೆ ಹೊಕ್ಕು, ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್, ರಕ್ತ ಎಲ್ಲ ದಾಟಿ, ಅಲ್ಲಲ್ಲಿ ಚದುರಿ, ಸ್ವಲ್ಪ ದೂರದಲ್ಲಿ ಹೊರಬರೋದು. ಮೈಬಣ್ಣ ಅಂತ ನಾವು ಕರೆಯೋದು ಈ ಎರಡನೇದನ್ನ.

ಈಗ ಮುಖ್ಯ ವಿಷಯ. ಮೇಲ್ಮೈ ಹೊಳಪು ಬೆಳ್ಳಗಿನವರಿಗೂ ಕಪ್ಪಗಿನವರಿಗೂ ಹೆಚ್ಚುಕಮ್ಮಿ ಒಂದೇ. ಒಳಗಿಂದ ಬರೋ ಬೆಳಕು ಮಾತ್ರ ಕಪ್ಪು ಚರ್ಮದಲ್ಲಿ ಕಡಿಮೆ. ಹಾಗಾಗಿ ಹೊಳಪಿಗೂ ಮೈಬಣ್ಣಕ್ಕೂ ಇರೋ ಅಂತರ ನಮ್ಮಂಥವರ ಮುಖದಲ್ಲಿ ಹೆಚ್ಚು. ಎಣ್ಣೆಗಪ್ಪು ಮುಖದ ಆಕಾರವನ್ನು ಅರ್ಧ ಹೇಳೋದೇ ಈ ಹೊಳಪು: ಹುಬ್ಬಿನ ಮೂಳೆ, ಮೂಗಿನ ದಿಂಡು, ಕೆನ್ನೆಮೂಳೆ, ಗಲ್ಲ. ನೀವು ಮೈಬಣ್ಣಕ್ಕೆ ಬಿಳಿ ಬೆರೆಸಿ ತಿಳಿಕಂದು ಮಾಡಿ ಹೊಳಪು ಹಾಕಿದ್ದೀರಿ. ಅದು ಹೊಳಪಾಗಿ ಕಾಣ್ತಿಲ್ಲ, ಪೌಡರ್ ಹಾಕಿದ ಹಾಗೆ ಕಾಣ್ತಿದೆ. ಆ ಜಾಗದಲ್ಲಿ ತಣ್ಣನೆ ನೀಲಿಬೂದಿ ಛಾಯೆ ಪ್ರಯತ್ನಿಸಿ, ಹೆದರಬೇಡಿ. ಸುತ್ತ ಬೆಚ್ಚಗಿನ ಕಂದು ಇರೋದರಿಂದ ಒದ್ದೆ ಹೊಳಪಾಗಿ ಓದಿಸಿಕೊಳ್ಳುತ್ತೆ. ಬೆಂಡೋಲೆಯ ಚಿನ್ನಕ್ಕೆ ಈ ನಿಯಮ ಇಲ್ಲ. ಲೋಹದ ಹೊಳಪಿಗೆ ಲೋಹದ್ದೇ ಬಣ್ಣ, ಅಲ್ಲಿ ಹೊಳಪೂ ಹಳದಿ. ಈಗ ಎರಡಕ್ಕೂ ಒಂದೇ ಕೆನೆಬಿಳಿ ಹಾಕಿರೋದರಿಂದ ಕಿವಿಯೂ ಓಲೆಯೂ ಒಂದೇ ಸಾಮಾನಿನಲ್ಲಿ ಮಾಡಿದ ಹಾಗಿದೆ.

ಇನ್ನು ಒಳಗೆ ಚದುರೋ ಬೆಳಕು. ಕೆಂಪು ಬೆಳಕು ಚರ್ಮದೊಳಗೆ ನೀಲಿ ಹಸಿರಿಗಿಂತ ದೂರ ಸಾಗುತ್ತೆ. ಹಾಗಾಗಿ ಬೆಳಕು ಮುಗಿದು ನೆರಳು ಶುರುವಾಗೋ ಗಡಿಯಲ್ಲಿ ಕೆಂಪು ಸೋರಿರುತ್ತೆ, ಗಡಿಯೂ ಮೆತ್ತಗಾಗುತ್ತೆ. ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ 2001ರಲ್ಲಿ ಹೆನ್ರಿಕ್ ವಾನ್ ಯೆನ್ಸೆನ್ ಮತ್ತು ಸಂಗಡಿಗರು ಇದಕ್ಕೊಂದು ಸುಲಭ ಗಣಿತ ಕೊಟ್ಟ ಮೇಲೇ ಡಿಜಿಟಲ್ ಮುಖಗಳು ಅಮೃತಶಿಲೆಯಿಂದ ಮಾಂಸಕ್ಕೆ ಬಂದಿದ್ದು. ಪೇಂಟಿಂಗ್‌ನಲ್ಲಿ ಗಣಿತ ಬೇಡ. ಮೂಗಿನ ನೆರಳಿನ ಅಂಚಿಗೆ, ಕಿವಿಯ ತುದಿಗೆ, ಮೂಗಿನ ಹೊಳ್ಳೆಗೆ ತೆಳುವಾಗಿ ಕೆಂಪು ಸಾಕು.

ನಜರ್‌ಬಾದ್ ನಿವಾಸಿ

ರಂಗ ಅವರು ಹೇಳಿದ ಕೆಂಪು ಸೋರೋದನ್ನು ಕಣ್ಣಾರೆ ನೋಡಬೇಕಂದರೆ ಮೈಸೂರಿಗೆ ಬನ್ನಿ. ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ಹಲ್ದನಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ, 'ಗ್ಲೋ ಆಫ್ ಹೋಪ್'. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅಡ್ಡ. ಬೆರಳುಗಳ ಒಳಗಿಂದ ಬೆಳಕು ಕೆಂಪಾಗಿ ತೂರಿ ಬರೋದನ್ನು ನೋಡಿ. ಅದು ಆಯಿಲ್ ಅಲ್ಲ, ಕಾಗದದ ಮೇಲೆ ಜಲವರ್ಣ.

ಅದನ್ನು ರವಿವರ್ಮನ ಚಿತ್ರ ಅಂತ ಹೇಳೋರು ಈಗಲೂ ಸಿಗ್ತಾರೆ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಇದು 1940ರ ದಶಕದ್ದು, ಹಲ್ದನಕರ್ ಅವರ ಮಗಳೇ ರೂಪದರ್ಶಿ. ರವಿವರ್ಮನ ಚಿತ್ರಗಳೂ ಅದೇ ಗ್ಯಾಲರಿಯಲ್ಲಿವೆ, ಗೊಂದಲಕ್ಕೆ ಅದೂ ಕಾರಣ ಇರಬಹುದು.

ಆ ಚಿತ್ರದಲ್ಲಿ ಪೂರ್ತಿ ಬೆಳಕು ಎಲ್ಲಿದೆ ಅಂತ ಗಮನಿಸಿ. ಮುಖ, ಎದೆಯ ಹತ್ತಿರ, ಕೈ, ಅಷ್ಟೇ. ಕೆಳಗೆ ಹೋದ ಹಾಗೆ ಸೀರೆ ಕತ್ತಲಿಗೆ ಸೇರುತ್ತೆ. ಎಲ್ಲ ಕಡೆ ಒಂದೇ ಸಮ ಬರೆದಿದ್ದರೆ ದೀಪ ಉರೀತಾನೇ ಇರಲಿಲ್ಲ.

ಪಿಕ್ಸೆಲ್ ಪುಟ್ಟ

ಅದು ದೀಪದ ಬೆಳಕು ಸರ್, ನಾಟಕೀಯ. ಕಿಟಕಿ ಬೆಳಕಿನ ಮುಖಕ್ಕೆ ಅಷ್ಟು ಕಾಂಟ್ರಾಸ್ಟ್ ಇಟ್ಟರೆ ಫೇಕ್ ಅನ್ನಿಸಲ್ವಾ? ಅಕ್ಕನ ಮೂಲ ಫೋಟೊನೇ ನೋಡಿ, ನೆರಳಲ್ಲೂ ಎಲ್ಲ ಕ್ಲಿಯರ್ ಇದೆ. ಅವರು ಫೋಟೊ ಥರವೇ ಬರೆದಿದ್ದಾರೆ.

ರೆಂಡರ್ ರಂಗ

ಪುಟ್ಟ, ಒಳ್ಳೇ ಜಾಗಕ್ಕೆ ಕೈ ಹಾಕಿದ್ರಿ. ಆ ಫೋಟೊನೇ ಅನುಮಾನಾಸ್ಪದ.

ಈಗಿನ ಫೋನ್ ಫೋಟೊ ಅಂದರೆ ಒಂದು ಕ್ಲಿಕ್ ಅಲ್ಲ. ಹಲವು ಫ್ರೇಮ್ ಸೇರಿಸಿ, ನೆರಳನ್ನು ಮೇಲೆತ್ತಿ, ಬೆಳಕನ್ನು ಕೆಳಗಿಳಿಸಿ, ಚರ್ಮ ನಯ ಮಾಡಿ, ಕೊನೆಗೆ ಅಂಚುಗಳನ್ನು ಶಾರ್ಪನ್ ಮಾಡಿ ಕೊಡುತ್ತೆ. ಅಂದರೆ ನಾವು ಇಲ್ಲಿ ಜಗಳ ಆಡ್ತಿರೋ ಮೂರೂ ವಿಷಯದಲ್ಲಿ ಅದು ಮೊದಲೇ ಕೈಯಾಡಿಸಿರುತ್ತೆ. ಗೆರೆಗಾರ್ತಿಯವರು ಅದನ್ನು ನಿಷ್ಠೆಯಿಂದ ನಕಲು ಮಾಡಿದ್ದಾರೆ. ಪ್ಲಾಸ್ಟಿಕ್‌ನ ನಕಲೂ ಪ್ಲಾಸ್ಟಿಕ್ಕೇ. ದವಡೆಯ ಬಿಳಿ ಅಂಚು ಮೂಲ ಫೋಟೊದಲ್ಲೂ ಇದೆ, ಝೂಮ್ ಮಾಡಿ ನೋಡಿ.

ಜೊತೆಗೆ ಫೋನಿನ ಮುಖ್ಯ ಕ್ಯಾಮೆರಾ ಹೆಚ್ಚುಕಮ್ಮಿ 24ರಿಂದ 26 ಮಿಮೀ ಲೆನ್ಸಿಗೆ ಸಮ. ಫ್ರೇಮ್ ತುಂಬಲಿ ಅಂತ ಮುಖಕ್ಕೆ ಹತ್ತಿರ ಹೋಗಿ ತೆಗೆದಿರ್ತೀವಿ. ಅಷ್ಟು ಹತ್ತಿರದಿಂದ ಮೂಗು ದಪ್ಪ, ಕಿವಿ ಹಿಂದಕ್ಕೆ. ಸ್ಟುಡಿಯೋದವರು 85 ಮಿಮೀ ಹಿಡಿದು ದೂರ ನಿಲ್ತಿದ್ದಿದ್ದು ಸುಮ್ಮನೆ ಅಲ್ಲ.

ದೊಡ್ಡಮ್ಮ ಕೈಗೆ ಸಿಗೋ ಹಾಗಿದ್ದರೆ ಅದೇ ಕಿಟಕಿ ಹತ್ತಿರ ಕೂರಿಸಿ, ಎರಡು ಮೀಟರ್ ದೂರದಿಂದ 2ಎಕ್ಸ್ ಇಟ್ಟು, ಹಲವು ಫ್ರೇಮ್ ಸೇರಿಸೋ ಎಚ್‌ಡಿಆರ್, ಚರ್ಮ ನಯ ಮಾಡೋ ಬ್ಯೂಟಿ ಎರಡೂ ಆಫ್ ಮಾಡಿ, ಸಾಧ್ಯವಾದರೆ ರಾ ಫಾರ್ಮ್ಯಾಟ್‌ನಲ್ಲಿ (ಫೋನ್ ತಿದ್ದದ ಕಚ್ಚಾ ರೂಪ) ಇನ್ನೊಂದು ಫೋಟೊ ತೆಗೀರಿ. ಅದಕ್ಕಿಂತ ಮೊದಲು ಸುಮ್ಮನೆ ಎದುರು ಕೂತು ಮುಖ ನೋಡಿ. ನೆರಳಿನ ಕೆನ್ನೆಯಲ್ಲಿ ನಿಜಕ್ಕೂ ಎಷ್ಟು ಕಾಣುತ್ತೆ ಅಂತ.

ಮದುಮಗಳ ಮೇಕಪ್

ನಾನು ಚಿತ್ರ ಬರೆಯುವವಳಲ್ಲ, ಮಂಗಳೂರಿನಲ್ಲಿ ಮದುವೆ ಮೇಕಪ್ ಮಾಡುವುದು. ಮುಖ ನೋಡುವುದೇ ಕೆಲಸ ಆದ ಕಾರಣ ಒಂದೆರಡು ಮಾತು ಹೇಳಬಹುದಾ?

ನಿಮ್ಮ ಚಿತ್ರದಲ್ಲಿ ಹಣೆ ಹಳದಿ, ಕೆನ್ನೆ ಮೂಗು ಗುಲಾಬಿ, ಗಲ್ಲ ನೀಲಿಬೂದಿ ಇದೆಯಲ್ಲ, ಅದು ಯಾವುದೋ ಟ್ಯುಟೋರಿಯಲ್‌ನಿಂದ ಬಂದದ್ದು ಅಂತ ಕಾಣ್ತದೆ. ಬಿಳಿಯರ ಮುಖಕ್ಕೆ ಸರಿ ಇರಬಹುದು. ಗಲ್ಲದ ನೀಲಿ ಕ್ಷೌರ ಮಾಡಿದ ಗಂಡಸರದ್ದು ಮಾರಾಯ್ರೆ, ದೊಡ್ಡಮ್ಮನಿಗೆ ಯಾಕೆ?

ನಮ್ಮ ಕಡೆಯ ಮುಖಗಳಲ್ಲಿ ನಾನು ದಿನಾ ನೋಡುವುದು ಬೇರೆ. ಹಣೆಯ ಅಂಚು, ಬಾಯಿಯ ಸುತ್ತ, ಕಣ್ಣಿನ ಸುತ್ತ ಉಳಿದದ್ದಕ್ಕಿಂತ ಕಪ್ಪು. ಕೆನ್ನೆಯ ನಡು ಭಾಗ ಹೆಚ್ಚಾಗಿ ತಿಳಿ. ಮೇಲಿನ ತುಟಿ ಕಂದು, ಕೆಳಗಿನ ತುಟಿಯ ಒಳಬದಿ ಗುಲಾಬಿ, ಎರಡೂ ತುಟಿಗೆ ಒಂದೇ ಬಣ್ಣ ಇರುವುದೇ ಇಲ್ಲ. ಕುತ್ತಿಗೆ ಮುಖದಿಂದ ಬೇರೆ ಬಣ್ಣ. ಕಣ್ಣಿನ ಕೆಳಗಿನ ಕಪ್ಪಿನಲ್ಲಿ ನೀಲಿ ಛಾಯೆ ಇರ್ತದೆ, ಅದಕ್ಕೇ ನಾವು ಕನ್ಸೀಲರಿಗೆ ಮೊದಲು ಕಿತ್ತಳೆ ಕರೆಕ್ಟರ್ ಹಾಕುವುದು. ಹಾಕದೆ ನೇರ ತಿಳಿಬಣ್ಣದ ಕನ್ಸೀಲರ್ ಹಚ್ಚಿದರೆ ಆ ಜಾಗ ಬೂದಿ ಹೊಡೆಯುತ್ತದೆ. ನಿಮ್ಮ ಚಿತ್ರದ ಬೂದಿ ಕೂಡ ಅದೇ ಜಾತಿಯದ್ದು ಅಂತ ನನಗೆ ಕಾಣ್ತದೆ: ಬೆಚ್ಚಗಿನ ಬಣ್ಣ ಕೆಳಗೆ ಇಲ್ಲದೆ ಮೇಲೆ ಬಿಳಿ ಬೆರೆತದ್ದು.

ಇನ್ನೊಂದು, ಬೇಜಾರು ಮಾಡಬೇಡಿ. ಫೋಟೊದಲ್ಲಿ ಇರುವುದಕ್ಕಿಂತ ಎರಡು ಶೇಡ್ ಬೆಳ್ಳಗೆ ಮಾಡಿದ್ದೀರಿ.

ಗೆರೆಗಾರ್ತಿ

ಬೇಜಾರೇನಿಲ್ಲ ಮೇಡಂ. ಬೆಳ್ಳಗೆ ಮಾಡಬೇಕು ಅಂತ ಮಾಡಿದ್ದಲ್ಲ, ಬೆಳಕು ಬಿದ್ದ ಕಡೆ ತಿಳಿ ಮಾಡ್ತಾ ಮಾಡ್ತಾ ಹಾಗಾಯ್ತು. ಹಣೆ ಕೆನ್ನೆ ಗಲ್ಲದ್ದು ಟ್ಯುಟೋರಿಯಲ್‌ದೇ.

ಹಳೇ ಸ್ಟುಡಿಯೋ

ಇದು ಒಬ್ಬರ ಕೈಚಳಕದ ಪ್ರಶ್ನೆ ಅಲ್ಲ ಬಿಡಿ, ಇಡೀ ಫೋಟೊಗ್ರಫಿಯೇ ಆ ಕಡೆ ವಾಲಿತ್ತು. ಕೊಡಾಕ್‌ನವರು ಲ್ಯಾಬ್‌ಗಳಿಗೆ ಕೊಡ್ತಿದ್ದ ಶರ್ಲಿ ಕಾರ್ಡ್‌ನಲ್ಲಿ ಇರ್ತಿದ್ದವಳು ಬಿಳಿ ಹುಡುಗಿ, ಅವಳ ಚರ್ಮ ಸರಿ ಬಂದರೆ ಪ್ರಿಂಟ್ ಸರಿ ಅಂತ ಲೆಕ್ಕ. ಕಪ್ಪು ಚರ್ಮದ ವಿವರ ಫಿಲಂನಲ್ಲಿ ಸರಿಯಾಗಿ ಬರಲಿ ಅಂತ ಒತ್ತಾಯ ಮಾಡಿದವರಲ್ಲಿ ಚಾಕೊಲೇಟ್, ಮರದ ಪೀಠೋಪಕರಣ ಕಂಪನಿಗಳೂ ಇದ್ದವು, ಜಾಹೀರಾತಿನಲ್ಲಿ ತಮ್ಮ ಸರಕು ಚೆನ್ನಾಗಿ ಕಾಣ್ತಿಲ್ಲ ಅಂತ! ಈಗ 2022ರಲ್ಲಿ ಗೂಗಲ್ ಮೈಬಣ್ಣ ಗುರುತಿಸೋ ಹತ್ತು ಛಾಯೆಯ ಮಾಂಕ್ ಸ್ಕೇಲ್ ತಂದಿದೆ.

ಕೆಲಸಕ್ಕೆ ಬರೋ ಮಾತು ಹೇಳ್ತೀನಿ. ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಕಪ್ಪಿನಿಂದ ಬಿಳಿವರೆಗೆ ಮೆಟ್ಟಿಲು ಮಾಡಿದ ಝೋನ್ ಸಿಸ್ಟಂನಲ್ಲಿ ಬಿಳಿಯರ ಚರ್ಮ ಆರನೇ ಝೋನ್. ನಡು ಗ್ರೇಗಿಂತ ಒಂದು ಸ್ಟಾಪ್ (ಎರಡರಷ್ಟು ಬೆಳಕು) ಮೇಲೆ. ಕಪ್ಪು ಚರ್ಮ ಐದು, ಅಂದರೆ ನಡು ಗ್ರೇಯೇ. ದೊಡ್ಡಮ್ಮನ ಬೆಳಕಿನ ಕೆನ್ನೆಯನ್ನು ನಡುವಿಗೆ ತಂದು ನಿಲ್ಲಿಸು. ಆಗ ಹೊಳಪಿಗೆ ಮೇಲೆ ಜಾಗ ಸಿಗುತ್ತೆ. ಈಗ ಕೆನ್ನೆಯೇ ಮೇಲೆ ಕೂತಿರೋದರಿಂದ ಹೊಳಪಿಗೆ ಹೋಗೋಕೆ ಎಡೆಯೇ ಇಲ್ಲ.

ಕೆಲಗೇರಿ ಕೆರಿ ದಂಡಿ

ಸರ್ ಹೇಳಿದ ಮ್ಯಾಲೆ ವ್ಯಾಲ್ಯೂ ನೋಡಾಕ ಎಲ್ಲಾರೂ ಸ್ಯಾಚುರೇಶನ್ ಸೊನ್ನಿ ಮಾಡತಾರ. ಅಲ್ಲೊಂದು ಮೋಸ ಐತಿ ನೋಡ್ರಿ. ಸಾಫ್ಟ್‌ವೇರಿನ ಎಚ್‌ಎಸ್‌ವಿ ಅನ್ನೋ ಬಣ್ಣದ ಲೆಕ್ಕದಾಗ ಅಪ್ಪಟ ಹಳದೀಗೂ ಅಪ್ಪಟ ನೀಲೀಗೂ ವ್ಯಾಲ್ಯೂ 100. ಕಣ್ಣಿಗೆ ಅವೆರಡು ಸಮ ಕಾಣತಾವೇನು? ಕಣ್ಣಿನ ಲೆಕ್ಕದಾಗ ಹಸಿರಿಗೆ ಸುಮಾರ 72%, ಕೆಂಪಿಗೆ 21%, ನೀಲಿಗೆ 7% ತೂಕ. ಅದಕ್ಕ ಎಲ್ಲಾದರ ಮ್ಯಾಲೆ ಒಂದ ಲೇಯರ್ ಕರೇದ ತುಂಬಿ ಬ್ಲೆಂಡಿಂಗ್ 'ಕಲರ್'ಗೆ ಇಡ್ರಿ. ಬೇಕಾದಾಗ ಆ ಲೇಯರಿನ ಕಣ್ಣ ಗುರ್ತಾ ಒತ್ತಿ ನೋಡ್ರಿ, ಬ್ಯಾಡಾದಾಗ ಬಂದ ಮಾಡ್ರಿ. ಕಲರ್ ಮೋಡ್ ಖರೇ ಉಪಯೋಗಕ್ಕ ಬರೋದು ಇಲ್ಲಿ.

ಮತ್ತ ಕೆಂಪ ಸೀರಿ! ಗಲ್ಲದ ಕೆಳಗ, ದವಡಿ ತಳದಾಗ ಸೀರಿ ಕೆಂಪ ಬೆಳಕ ಹೊಡದಿರತೈತಿ. ಸೀರಿ ಮುಖಾ ಎರಡೂ ಒಂದ ಖೋಲ್ಯಾಗ ಅದಾವ ಅಂತ ನೋಡೋರಿಗೆ ಗೊತ್ತಾಗೋದ ಅದರಿಂದ. ಆದ್ರ ಆ ಬೆಳಕ ನೆರಳಿನ ಕುಟುಂಬದಾಗ ಇರಬೇಕ್ರಿ, ಬೆಳಕಿನ ಕಡಿ ಕೆನ್ನಿಗಿಂತ ಒಂದ ಎಳಿಯಷ್ಟೂ ಹೆಚ್ಚ ಆಗಬಾರದು.

ಬರೀ ಪ್ರಾಂಪ್ಟ್

ಇಷ್ಟೆಲ್ಲ ಯಾಕೆ ಗುರು? ಎಐಗೆ ಫೋಟೊ ಕೊಡಿ, ಒಂದು ನಿಮಿಷದಲ್ಲಿ ಆಯಿಲ್ ಪೇಂಟಿಂಗ್.

ನಿರ್ವಾಹಕರು

ಅದಕ್ಕೆ ಬೇರೆ ವಿಭಾಗ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಕೈಯಲ್ಲಿ ಬರೆಯುವವರ ಮಾತು ಮುಂದುವರಿಯಲಿ.

ಪಿಕ್ಸೆಲ್ ಪುಟ್ಟ

ಸರಿ, ಬಣ್ಣ ಕಾಂಟ್ರಾಸ್ಟ್ ಒಪ್ಪಿದೆ. ಆದರೆ ಶಾರ್ಪ್‌ನೆಸ್ ವಿಷಯದಲ್ಲಿ ಇನ್ನೂ ಒಪ್ಪಿಲ್ಲ. ಹತ್ತಿರದಿಂದ ನೋಡಿದರೆ ಚರ್ಮದಲ್ಲಿ ರಂಧ್ರ ಇರೋದು ನಿಜ ತಾನೇ? ಇರೋದನ್ನ ಬರೆದರೆ ರಿಯಲಿಸಂ ಕಮ್ಮಿ ಹೇಗಾಗುತ್ತೆ?

ರೆಂಡರ್ ರಂಗ

ಇದೆ. ಆದರೆ ಎಲ್ಲ ಕಡೆ ಒಂದೇ ಥರ ಕಾಣಲ್ಲ. ರಂಧ್ರ ಅಂದರೆ ಸಣ್ಣ ಗುಂಡಿ. ಬೆಳಕು ಓರೆಯಾಗಿ ಬಿದ್ದಲ್ಲಿ, ಹೊಳಪು ಒಡೆದಲ್ಲಿ ಮಾತ್ರ ಗುಂಡಿ ಕಾಣುತ್ತೆ. ಕಡುನೆರಳಿನಲ್ಲಿ ಕಾಣಲ್ಲ, ಅಲ್ಲಿ ಗುಂಡಿಗೆ ನೆರಳು ಬೀಳಿಸೋ ದಿಕ್ಕಿನ ಬೆಳಕೇ ಇಲ್ಲ. ಪೂರ್ತಿ ಎದುರಿನಿಂದ ಬೆಳಕು ಬಿದ್ದ ಜಾಗದಲ್ಲೂ ಕಮ್ಮಿ. ಆಕಾರವೂ ಬೇರೆ ಬೇರೆ: ಮೂಗಿನ ಮೇಲೆ ದುಂಡು, ಕೆನ್ನೆಯ ಮೇಲೆ ಉದ್ದುದ್ದ, ಹಣೆಯಲ್ಲಿ ಅಡ್ಡಗೆರೆಗಳ ಜೊತೆ, ಕಣ್ಣಿನ ರೆಪ್ಪೆಯಲ್ಲಿ ಬರೀ ಸಣ್ಣ ಸುಕ್ಕು. ಸ್ಟಾಂಪ್ ಬ್ರಷ್ ಮುಖ ಪೂರ್ತಿ ಒಂದೇ ಗಾತ್ರದ ಚುಕ್ಕೆ ಒತ್ತಿದೆ, ನೆರಳಿನಲ್ಲೂ ಒತ್ತಿದೆ. ಹಾಗಾಗಿ ಚರ್ಮ ಅನ್ನಿಸದೆ ಮೇಲೆ ಹೊದಿಸಿದ ಹಾಳೆ ಅನ್ನಿಸುತ್ತೆ.

ಆ ಲೇಯರ್ ಅಳಿಸಬೇಡಿ. ಬೇಡದ ಭಾಗ ಮರೆಮಾಡೋ ಒಂದು ಮಾಸ್ಕ್ ಹಾಕಿ, ಹೊಳಪಿನ ಅಂಚು ಮತ್ತು ಬೆಳಕು ನೆರಳಿನ ಗಡಿಯಲ್ಲಿ ಮಾತ್ರ ಉಳಿಸಿಕೊಳ್ಳಿ. ಸಾಕು.

ಹಳೇ ಸ್ಟುಡಿಯೋ

ಪುಟ್ಟಪ್ಪಾ, ನೀನು ಯಾರದ್ದಾದರೂ ಮುಖ ನೋಡಿ ಮಾತಾಡೋವಾಗ ಅವರ ಕಿವಿ ಶಾರ್ಪ್ ಆಗಿ ಕಾಣುತ್ತಾ? ಕಣ್ಣಿನೊಳಗೆ ಪೂರ್ತಿ ಚೂಪಾಗಿ ನೋಡೋ ಜಾಗ ಬರೀ ಎರಡು ಡಿಗ್ರಿಯಷ್ಟು. ಕೈ ಚಾಚಿ ಹೆಬ್ಬೆರಳು ಹಿಡಿದರೆ ಉಗುರಿನ ಅಗಲ ಅದಕ್ಕೆ ಹತ್ತಿರ ಹತ್ತಿರ. ಉಳಿದದ್ದೆಲ್ಲ ಮಸುಕು, ಮನಸ್ಸು ತುಂಬಿಸಿಕೊಳ್ಳುತ್ತೆ. ಲಿಯೊನಾರ್ಡೊ ಮೋನಾಲಿಸಾಳ ತುಟಿಯ ಕೊನೆ, ಕಣ್ಣಿನ ಕೊನೆ ಎರಡನ್ನೂ ಹೊಗೆಯಲ್ಲಿ ಬಿಟ್ಟಿದ್ದಾನೆ, ಸ್ಫುಮಾತೊ ಅಂತಾರೆ. ಅವಳು ನಗ್ತಿದ್ದಾಳೋ ಇಲ್ಲವೋ ಅಂತ ಜಗತ್ತು ಇನ್ನೂ ಜಗಳ ಆಡ್ತಿದೆ.

ಅಂಚುಗಳನ್ನು ಆಯ್ದುಕೋ ತಂಗೀ. ಬೆಳಕಿನ ಕಡೆಯ ಕಣ್ಣಿನ ಮೇಲ್ರೆಪ್ಪೆ ಗೆರೆ ಎಲ್ಲಕ್ಕಿಂತ ಚೂಪು. ಕಣ್ಣಿನ ಹೊಳಪುಚುಕ್ಕೆ, ಮೂಗುಬೊಟ್ಟು, ಮೂಗಿನ ತುದಿಯ ಹೊಳಪು ಚೂಪು. ಮೂಗಿನ ನೆರಳು ಹೊಳ್ಳೆಯ ಹತ್ತಿರ ಚೂಪು, ಕೆನ್ನೆ ಮೇಲೆ ಹರಿದಂತೆ ಮೆತ್ತಗೆ. ಹಣೆಯ ಹೊಳಪು ಅಗಲ, ಅಂಚೇ ಇಲ್ಲದ್ದು. ನೆರಳಿನ ಕಡೆಯ ದವಡೆ, ಕಿವಿ, ತುರುಬು ಹಿನ್ನೆಲೆಗೆ ಸೇರಿಹೋಗಲಿ, ಅಂಚು ಕಳೆದೇ ಹೋಗಲಿ. ಬೈತಲೆ ಹತ್ತಿರ ಕೂದಲು ಬುಡದಲ್ಲಿ ಚರ್ಮದ ಬಣ್ಣಕ್ಕೆ ಕರಗಬೇಕು, ಈಗ ಟೋಪಿ ಇಟ್ಟ ಹಾಗಿದೆ. ಕೂದಲನ್ನು ದೊಡ್ಡ ರಾಶಿಯಾಗಿ ಬರೆದು, ಬೆಳಕು ಬಿದ್ದ ಕಡೆ ನಾಲ್ಕು ಎಳೆ, ಹೊರಗೆ ಹಾರಿದ್ದು ಎರಡು ಎಳೆ. ಸಾಕು.

ಪಿಕ್ಸೆಲ್ ಪುಟ್ಟ

ಹೆಬ್ಬೆರಳು ಹಿಡಿದು ನೋಡಿದೆ ಸರ್ 😄 ಆದರೂ ಹೈಪರ್‌ರಿಯಲಿಸಂನವರು ಎಲ್ಲ ಕಡೆ ಚೂಪಾಗೇ ಬರೀತಾರಲ್ಲ.

ಹಳೇ ಸ್ಟುಡಿಯೋ

ಬರೀತಾರೆ. ಅವರು ಬರೆಯೋದು ಫೋಟೊದ ಚಿತ್ರ, ಅದೂ ಒಂದು ಕಲೆ, ತಕರಾರಿಲ್ಲ. ಅವರೂ ಲೆನ್ಸಿನ ಮಸುಕನ್ನು ಹಾಗೇ ಬರೀತಾರೆ ಅನ್ನೋದನ್ನು ಮಾತ್ರ ಮರೀಬೇಡ. ಕಣ್ಣು ಫೋಕಸ್, ಕಿವಿ ಔಟ್.

ಗೆರೆಗಾರ್ತಿ

ಎರಡನೇ ಆವೃತ್ತಿ ಹಾಕಿದ್ದೀನಿ, ನೋಡಿ. ಹಿನ್ನೆಲೆ ಹಸಿರುಬೂದಿ ಮಾಡಿದೆ. ಗ್ರೇಡಿಯೆಂಟ್ ಮ್ಯಾಪ್ ಹಾಕಿ ನಾರ್ಮಲ್ ಮೋಡ್‌ನಲ್ಲಿ ಮೇಲೆ ಬರೆದೆ. ಕೆನ್ನೆ ಕೆಳಗಿಳಿಸಿದೆ, ಹೊಳಪಿಗೆ ನೀಲಿಬೂದಿ, ಗಲ್ಲದ ಕೆಳಗೆ ಸೀರೆಯ ಕೆಂಪು. ಬಾಯಿ ಸುತ್ತ ಮೇಡಂ ಹೇಳಿದ ಹಾಗೆ ಕಪ್ಪು ತಂದೆ. ರಂಧ್ರದ ಲೇಯರ್ ಮುಕ್ಕಾಲು ಪಾಲು ಮುಚ್ಚಿದೆ. ನೆರಳಿನ ಕಡೆಯ ಕಿವಿ ಹೋಗೇ ಬಿಟ್ಟಿದೆ, ಓಲೆಯ ಒಂದು ಚುಕ್ಕೆ ಮಾತ್ರ ಇದೆ.

ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿದೆ. ಫೋನಿಗೆ ಕಳಿಸಿ ನೋಡಿದರೆ ಮುಖ ಕಿತ್ತಳೆ!

ಮದುಮಗಳ ಮೇಕಪ್

ಹಾಂ, ಈಗ ಮನುಷ್ಯರ ಹಾಗೆ ಆಯ್ತು. ಕೆಳತುಟಿ ಒಳಗೆ ಇನ್ನೊಂಚೂರು ಗುಲಾಬಿ ಬೇಕು. ಕಣ್ಣಿನ ಒಳಮೂಲೆಯ ಆ ಸಣ್ಣ ಮಾಂಸದ ಚೂರಿಗೂ ಅದೇ ಬಣ್ಣ.

ರೆಂಡರ್ ರಂಗ

ತುಂಬ ಸುಧಾರಿಸಿದೆ. ಬಲಗಣ್ಣಿನ ಕೆಳರೆಪ್ಪೆಯ ಒದ್ದೆ ಅಂಚಿಗೆ ಒಂದು ಸಣ್ಣ ಹೊಳಪುಗೆರೆ ಕೊಡಿ.

ಫೋನಿನ ಕಿತ್ತಳೆಗೆ ಮೊದಲು ಡಿಸ್‌ಪ್ಲೇ ಸೆಟ್ಟಿಂಗ್ ನೋಡಿ. 'ವಿವಿಡ್' ಇದ್ದರೆ 'ನ್ಯಾಚುರಲ್'ಗೆ ಬದಲಿಸಿ, ರಾತ್ರಿ ಹಳದಿ ಮಾಡೋ ಮೋಡ್ ಆಫ್ ಮಾಡಿ. ಆಮೇಲೆ ಫೈಲನ್ನು ಎಸ್‌ಆರ್‌ಜಿಬಿ (ಸ್ಕ್ರೀನ್‌ಗಳ ಸಾಮಾನ್ಯ ಬಣ್ಣದ ಮಾನದಂಡ) ಪ್ರೊಫೈಲ್ ಸೇರಿಸಿಯೇ ಎಕ್ಸ್‌ಪೋರ್ಟ್ ಮಾಡಿದ್ದೀರಾ ನೋಡಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲೂ ನೈಟ್‌ಲೈಟ್ ಹಾಕಿಕೊಂಡು ಬಣ್ಣ ಹಾಕಿದ್ದರೆ ನೀವು ನೋಡಿದ್ದೇ ಬೇರೆ, ಹಾಕಿದ್ದೇ ಬೇರೆ ಆಗಿರುತ್ತೆ. ಚಾಟ್ ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಹೋದರೆ ಕುಗ್ಗಿಸಿ, ಜೆಪೆಗ್ ಮಾಡುತ್ತೆ, ಅದರಲ್ಲಿ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಹೆಚ್ಚು ಕತ್ತರಿಸುತ್ತೆ. ನಿಮ್ಮ ಆ ತೆಳು ಕೆಂಪು ಗಡಿಗಳು ಮೊದಲು ಹೋಗೋದು ಅಲ್ಲೇ.

ಗೆರೆಗಾರ್ತಿ

ವಿವಿಡ್ ಇತ್ತು! ಬದಲಿಸಿದ ಮೇಲೆ ಹೆಚ್ಚುಕಮ್ಮಿ ಒಂದೇ ಥರ ಕಾಣ್ತಿದೆ. ಕೊನೇದೊಂದು: 12×18 ಇಂಚು ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸಬೇಕು. ಅದಕ್ಕೆ ಮತ್ತೆ ಶಾರ್ಪನ್ ಬೇಕಾ?

ಹಳೇ ಸ್ಟುಡಿಯೋ

ಬೇಕು, ಸ್ವಲ್ಪ. ಕಾಗದದ ಮೇಲೆ ಅಂಚು ಮೆತ್ತಗಾಗುತ್ತೆ, ಮ್ಯಾಟ್ ಕಾಗದದಲ್ಲಿ ಇನ್ನೂ ಜಾಸ್ತಿ. ಮೂಲ ಫೈಲ್ ಮುಟ್ಟಬೇಡ, ಅದರ ನಕಲಿನ ಮೇಲೆ ಮಾಡು. 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಅಂದರೆ 3600×5400 ಪಿಕ್ಸೆಲ್ ಬೇಕು, ಆ ಗಾತ್ರಕ್ಕೆ ತಂದ ಮೇಲೇ ಅನ್‌ಶಾರ್ಪ್ ಮಾಸ್ಕ್, ರೇಡಿಯಸ್ ಒಂದರಿಂದ ಒಂದೂವರೆ, ಅಮೌಂಟ್ ಕಮ್ಮಿ, ಥ್ರೆಶೋಲ್ಡ್ ಸ್ವಲ್ಪ ಏರಿಸಿ. ಮಾಸ್ಕ್ ಹಾಕಿ ಕಣ್ಣು, ಒಡವೆ, ಸೀರೆಯ ಜರಿಗೆ ಮಾತ್ರ ಬಿಡು.

ಲ್ಯಾಬ್‌ನವರು ಎಸ್‌ಆರ್‌ಜಿಬಿ ಕೇಳ್ತಾರೋ ಬೇರೇನಾದರೂ ಕೇಳ್ತಾರೋ ಮೊದಲೇ ವಿಚಾರಿಸು. ಪ್ರಿಂಟ್ ಸ್ಕ್ರೀನಿಗಿಂತ ಮಂಕಾಗಿ ಬರುತ್ತೆ, ಕಡುನೆರಳು ಮುಚ್ಚಿಹೋಗುತ್ತೆ. ಮೊದಲು ಮುಖದ ಭಾಗ ಮಾತ್ರ 4×6ರಲ್ಲಿ ಎರಡು ಮೂರು ಬ್ರೈಟ್‌ನೆಸ್‌ನಲ್ಲಿ ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ ಆರಿಸು. ಹಾಗೇ 'ಆಟೋ ಕರೆಕ್ಷನ್ ಬೇಡ' ಅಂತ ಆರ್ಡರ್ ಚೀಟಿಯಲ್ಲಿ ಬರೆಸು, ಇಲ್ಲದಿದ್ದರೆ ಅಲ್ಲಿ ಯಾರೋ ದೊಡ್ಡಮ್ಮನನ್ನು ಬೆಳ್ಳಗೆ ಮಾಡಿ ಕಳಿಸ್ತಾರೆ.

ಕೆಲಗೇರಿ ಕೆರಿ ದಂಡಿ

ಫ್ರೇಮಿಗೆ ಸಾದಾ ಗ್ಲಾಸ್ ಹಾಕಸಬ್ಯಾಡ್ರಿ ಅಕ್ಕಾರ. ಕಿಟಕಿ ಎದುರಿನ ಗ್ವಾಡಿಗೆ ಹಾಕಿದ್ರ ನೆರಳಿನ ಭಾಗದಾಗ ಬರೇ ನಿಮ್ಮ ಮುಖಾನ ಕಾಣತೈತಿ.